ಕ್ರೂಸ್‌ಗೆ ವೈನ್ ಬಾಟಲಿ: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಹನ್ನೊಂದು ವರ್ಷ ಪ್ರವಾಸಿ ಹಡಗುಗಳ ಬಾರ್ ಸ್ಟೋರಿನಲ್ಲಿ ಬಾಟಲಿ ಎಣಿಸಿದವ ನಾನು. ಈಗ ಕಲ್ಯಾಣಪುರದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದೇನೆ. ಆದರೂ ನವೆಂಬರ್ ಬಂತೆಂದರೆ ಫೋನ್ ಸುಮ್ಮನಿರುವುದಿಲ್ಲ. ಮೊದಲೆಲ್ಲ ಹಡಗಿಗೆ ಕೆಲಸಕ್ಕೆ ಹೋಗುವ ಹುಡುಗರು ಮಾತ್ರ ಕೇಳುತ್ತಿದ್ದರು. ಈಗ ಮಗ ಸೊಸೆ ಟಿಕೆಟ್ ಮಾಡಿಸಿಕೊಟ್ಟ ಅಪ್ಪ ಅಮ್ಮ, ಮದುವೆಯ 25ನೇ ವರ್ಷಕ್ಕೆ ಹೊರಟ ಗಂಡ ಹೆಂಡತಿ, ನಿವೃತ್ತ ಬ್ಯಾಂಕಿನವರ ಗುಂಪು, ಎಲ್ಲರೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಬಾಯಿ ಒಣಗಿದ್ದರಿಂದ ಬರೆದೇ ಇಡುವುದು ಎಂದು ಕೂತೆ.

ಪಣಂಬೂರಿಗೇ ಅಷ್ಟು ದೊಡ್ಡ ಹಡಗು ಬರುತ್ತದಲ್ಲ, ಅಲ್ಲಿಂದಲೇ ಹತ್ತಲಿಕ್ಕೆ ಆಗುವುದಿಲ್ಲವಾ?

ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ಪ್ರವಾಸಿ ಹಡಗುಗಳು ಸಾಮಾನ್ಯವಾಗಿ ದಾರಿಯಲ್ಲಿ ಹೀಗೆ ಬಂದು ಹಾಗೆ ಹೋಗುವಂಥವು. ಪ್ರಯಾಣಿಕರು ಬೆಳಿಗ್ಗೆ ಇಳಿದು ಕದ್ರಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಕಾರ್ಕಳದ ಗೊಮ್ಮಟ, ಒಂದು ಗೇರುಬೀಜದ ಕಾರ್ಖಾನೆ ನೋಡಿ ಸಂಜೆ ವಾಪಸ್ ಹತ್ತುತ್ತಾರೆ. ನಮ್ಮವರು ಹಡಗು ಹತ್ತುವುದು ಮುಂಬೈಯ ಬಲ್ಲಾರ್ಡ್ ಪಿಯರಿನಲ್ಲಿ, ಕೊಚ್ಚಿಯಲ್ಲಿ, ಇಲ್ಲವೇ ದುಬೈ, ಸಿಂಗಾಪುರಕ್ಕೆ ವಿಮಾನದಲ್ಲಿ ಹೋಗಿ.

ಬಾಟಲಿಯ ವಿಷಯದಲ್ಲಿ ಇದು ದೊಡ್ಡ ಸಂಗತಿ. ನಿಮ್ಮ ಬಾಟಲಿ ಒಂದಲ್ಲ, ಎರಡು ಪ್ರಯಾಣ ಮಾಡುತ್ತದೆ: ಊರಿನಿಂದ ಬಂದರಿಗೆ ಒಂದು, ಬಂದರಿನಿಂದ ಕ್ಯಾಬಿನ್‌ಗೆ ಇನ್ನೊಂದು. ಎರಡಕ್ಕೂ ಕಾನೂನು ಬೇರೆ. ನಾನು ನೋಡಿದ ಮಟ್ಟಿಗೆ ಒಡೆದ ಬಾಟಲಿಗಿಂತ ಕಿತ್ತುಕೊಂಡ ಬಾಟಲಿಯೇ ಹೆಚ್ಚು.

ಹಡಗಿನವರು ವೈನ್ ತರಲಿಕ್ಕೆ ಬಿಡುತ್ತಾರಾ?

ಕಂಪೆನಿಯ ಮೇಲೆ ಹೋಗುತ್ತದೆ. ರಾಯಲ್ ಕೆರಿಬಿಯನ್, ಕಾರ್ನಿವಲ್ ಇಂಥವರಲ್ಲಿ ಹತ್ತುವ ದಿನ, ವಯಸ್ಸಿಗೆ ಬಂದ ಪ್ರತಿಯೊಬ್ಬರಿಗೆ 750 ಮಿ.ಲೀ.ನ ಒಂದು ಬಾಟಲಿ. ಅದು ವೈನ್ ಅಥವಾ ಶಾಂಪೇನ್ ಮಾತ್ರ, ಸೀಲ್ ಒಡೆದಿರಬಾರದು. ನಾರ್ವೇಜಿಯನ್‌ನಂಥವರು ಹೆಚ್ಚು ತಂದರೂ ಬೇಡ ಎನ್ನುವುದಿಲ್ಲ, ಆದರೆ ಬಾಟಲಿಗೆ ಇಷ್ಟು ಎಂದು ಕಾರ್ಕೇಜ್, ಅಂದರೆ ಹೊರಗಿನಿಂದ ತಂದ ಬಾಟಲಿಗೆ ಶುಲ್ಕ, ಹಾಕುತ್ತಾರೆ. ಹೊರಗಿನ ಒಂದು ತೊಟ್ಟನ್ನೂ ಒಳಗೆ ಬಿಡದ ಕಂಪೆನಿಗಳೂ ಉಂಟು. ಟಿಕೆಟ್ಟಿನ ಜೊತೆ ಬರುವ ಷರತ್ತುಗಳಲ್ಲಿ ಮದ್ಯದ ಪ್ಯಾರಾ ಇದ್ದೇ ಇರುತ್ತದೆ, ಅದನ್ನು ಪ್ಯಾಕಿಂಗ್‌ಗೆ ಕೂರುವ ಮೊದಲು ಓದಿ. ಏಜೆಂಟ್ ಫೋನಿನಲ್ಲಿ "ತೊಂದರೆ ಇಲ್ಲ ಸರ್" ಎಂದದ್ದನ್ನು ಹಡಗಿನ ಸೆಕ್ಯುರಿಟಿಯವ ಕೇಳಿಸಿಕೊಳ್ಳುವುದಿಲ್ಲ.

ಇನ್ನೊಂದು: ಕ್ಯಾಬಿನ್‌ನಲ್ಲಿ ಕೂತು ಕುಡಿದರೆ ಖರ್ಚಿಲ್ಲದ ಬಾಟಲಿಯನ್ನೇ ಊಟದ ಹಾಲಿಗೆ ಹಿಡಿದುಕೊಂಡು ಹೋದರೆ ಹಲವು ಕಡೆ ಕಾರ್ಕೇಜ್ ಬೀಳುತ್ತದೆ. ಮಾಣಿ ಬಾಟಲಿ ಬಿಚ್ಚುವ ಮೊದಲೇ ಕೇಳಿಬಿಡಿ, ನಾಚಿಕೆ ಬೇಡ.

ಬಾಟಲಿ ಯಾವ ಬ್ಯಾಗಿನಲ್ಲಿ ಇಡುವುದು?

ಎಲ್ಲರೂ ಎಡವುವುದು ಇಲ್ಲೇ. ವಿಮಾನದಲ್ಲಿ ಕೈಚೀಲಕ್ಕೆ 100 ಮಿ.ಲೀ. ಮಿತಿ, ಹಾಗಾಗಿ ಬಾಟಲಿ ಚೆಕ್-ಇನ್ ಸೂಟ್‌ಕೇಸಿಗೇ ಹೋಗಬೇಕು. ಹಡಗಿನಲ್ಲಿ ಇದು ಉಲ್ಟಾ. ಒಂದು ಬಾಟಲಿ ಬಿಡುವ ಕಂಪೆನಿಗಳು ಅದನ್ನು ಕೈಯಲ್ಲೇ ತಂದು ತೋರಿಸಬೇಕು ಎನ್ನುತ್ತವೆ. ಬಂದರಿನಲ್ಲಿ ಪೋರ್ಟರ್ ಕೈಗೆ ಕೊಟ್ಟ ಸೂಟ್‌ಕೇಸಿನ ಒಳಗೆ ಅದು ಎಕ್ಸ್‌ರೇಯಲ್ಲಿ ಕಂಡರೆ ಸೂಟ್‌ಕೇಸೇ ಬದಿಗೆ ಹೋಗಿ ನಿಲ್ಲುತ್ತದೆ. ಸಂಜೆ ಎಲ್ಲರೂ ಬಟ್ಟೆ ಬದಲಿಸಿ ಊಟಕ್ಕೆ ಹೊರಟರೆ ನೀವು ಕೆಳಗಿನ ಡೆಕ್ಕಿನಲ್ಲಿ, ಬೀಗದ ಕೈ ಹಿಡಿದು, ಕ್ಯೂನಲ್ಲಿ.

ಆದ್ದರಿಂದ ಸೂಟ್‌ಕೇಸನ್ನು ಪೂರ್ತಿ ಬಿಚ್ಚದೆ ಎರಡು ನಿಮಿಷದಲ್ಲಿ ಹೊರಗೆ ತೆಗೆಯುವ ಹಾಗೆ ಬಾಟಲಿ ಕಟ್ಟಬೇಕು. ಹೋಟೆಲಿನಲ್ಲಿ ಒಂದು ರಾತ್ರಿ ಇರುವವರು ಅಲ್ಲೇ ಕೈಚೀಲಕ್ಕೆ ದಾಟಿಸಿ. ವಿಮಾನ ನಿಲ್ದಾಣದಿಂದ ನೇರ ಬಂದರಿಗೆ ಹೋಗುವವರು ಟ್ಯಾಕ್ಸಿ ಹತ್ತುವ ಮೊದಲೇ ದಾಟಿಸಿಕೊಳ್ಳಿ. ಸೂಟ್‌ಕೇಸಿನ ಒಳಗೆ ಮಡಚಿದ ಒಂದು ಗಟ್ಟಿ ಬಟ್ಟೆ ಚೀಲ ಇಟ್ಟುಕೊಂಡಿರಿ, ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡುತ್ತಾರಲ್ಲ, ಅಂಥದ್ದೇ ಸಾಕು.

ಸುತ್ತುವುದು ಹೇಗೆ? ಬಬಲ್ ರ‍್ಯಾಪ್ ಇಲ್ಲದೆ ಆಗುತ್ತದಾ?

ಧಾರಾಳ ಆಗುತ್ತದೆ. ನಮ್ಮ ಅಜ್ಜಂದಿರು ಅಕ್ಕಿ ಮುಡಿ ಕಟ್ಟುತ್ತಿದ್ದದ್ದು ನೋಡಿದ್ದೀರಾ? ಬರೀ ಬೈಹುಲ್ಲು, ಹುಲ್ಲಿನದೇ ಹಗ್ಗ. ಮೂವತ್ತು ನಲವತ್ತು ಕಿಲೋ ಅಕ್ಕಿ ಒಳಗಿದ್ದರೂ ಅಂಗಳದಲ್ಲಿ ಉರುಳಿಸಿದರೆ ಒಂದು ಕಾಳು ಹೊರಗೆ ಬೀಳುತ್ತಿರಲಿಲ್ಲ. ಅದರ ಗುಟ್ಟು ಹುಲ್ಲಿನ ದಪ್ಪದಲ್ಲಿ ಇರಲಿಲ್ಲ, ಬಿಗಿಯಲ್ಲಿ ಇತ್ತು. ಒಳಗೆ ಅಲ್ಲಾಡಲಿಕ್ಕೆ ಜಾಗವೇ ಇಲ್ಲ. ಬಾಟಲಿಗೂ ಅಷ್ಟೇ. ಹತ್ತು ಸುತ್ತು ಸುತ್ತಿ ಸಡಿಲ ಬಿಟ್ಟದ್ದು ಒಡೆಯುತ್ತದೆ, ನಾಲ್ಕೇ ಸುತ್ತು ಬಿಗಿದದ್ದು ಉಳಿಯುತ್ತದೆ.

ನಾನು ಮಾಡುವ ಕ್ರಮ ಹೇಳುತ್ತೇನೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಕೂಡಲೇ ಸುತ್ತಬೇಡಿ, ನಮ್ಮ ಹವೆಗೆ ಅದು ಬೆವರುತ್ತದೆ, ಲೇಬಲ್ ಕಿತ್ತು ಬರುತ್ತದೆ. ಹೊರಗಿಟ್ಟು, ಒರೆಸಿ, ಒಣಗಿದ ಮೇಲೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ, ಗಾಳಿ ತೆಗೆದು ಮುಚ್ಚಿ. ಅದರ ಮೇಲೆ ಇನ್ನೊಂದು ಕವರ್. ಈ ಕವರ್ ಇರುವುದು ಬಾಟಲಿಯನ್ನು ಕಾಯಲಿಕ್ಕೆ ಅಲ್ಲ, ಅದು ಒಡೆದರೆ ಬಟ್ಟೆಯನ್ನು ಕಾಯಲಿಕ್ಕೆ. ತಿರುಪಿನ ಮುಚ್ಚಳವಾದರೆ ಮುಚ್ಚಳದ ಸುತ್ತ ಒಂದು ಸುತ್ತು ಟೇಪ್ ಹಾಕಿ. ಸೀಲ್ ಮುಚ್ಚಿಹೋಗದ ಹಾಗೆ ಪಾರದರ್ಶಕ ಟೇಪೇ ಇರಲಿ, ಹಡಗಿನವರಿಗೆ ಸೀಲ್ ಕಾಣಬೇಕು.

ಆಮೇಲೆ ಕುತ್ತಿಗೆಗೆ ಒಂದು ದಪ್ಪ ಕಾಲುಚೀಲ, ಬುಡಕ್ಕೆ ಇನ್ನೊಂದು. ಈ ಎರಡು ಜಾಗಕ್ಕೆ ಪೆಟ್ಟು ಬಿದ್ದರೆ ಉಳಿಯುವುದು ಕಷ್ಟ, ಹೊಟ್ಟೆ ಮಾತ್ರ ಗಟ್ಟಿ. ಈಗ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಹಾಸಿ ಬಾಟಲಿಯನ್ನು ಒಂದು ಮೂಲೆಯಿಂದ ಓರೆಯಾಗಿ ಉರುಳಿಸುತ್ತಾ ಬನ್ನಿ, ಎರಡು ತುದಿಯ ಬಟ್ಟೆಯನ್ನು ಒಳಗೆ ಮಡಚಿಕೊಳ್ಳುತ್ತಾ. ಒಂದು ಬೈರಾಸು ಸಾಲದು, ಮೇಲೆ ಒಂದು ಲುಂಗಿಯೋ ದಪ್ಪ ಟವೆಲ್ಲೋ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿಬಿಡಿ. ಹಡಗಿನಲ್ಲಿ ಈಜುಕೊಳದ ಹತ್ತಿರ ಬೈರಾಸು ಬೇಕೇ ಆಗುತ್ತದೆ, ದಂಡ ಆಗುವುದಿಲ್ಲ.

ಸೂಟ್‌ಕೇಸಿನಲ್ಲಿ ಇಡುವ ಜಾಗ ನಟ್ಟನಡುವೆ. ಕೆಳಗೆ ಒಂದು ಅಂಗೈ ದಪ್ಪ ಬಟ್ಟೆ, ಮೇಲೆ ಅಷ್ಟೇ, ನಾಲ್ಕೂ ಬದಿಗೆ ಅಷ್ಟೇ. ಅಂಚಿಗೆ ತಾಗಿಸಿ ಇಟ್ಟರೆ ಬೆಲ್ಟಿನಿಂದ ಬೀಳುವಾಗ ಪೆಟ್ಟು ನೇರ ಗಾಜಿಗೆ. ಎರಡು ಬಾಟಲಿ ಇದ್ದರೆ ಒಂದರ ತಲೆ ಇನ್ನೊಂದರ ಬುಡದ ಕಡೆಗೆ ಬರುವ ಹಾಗೆ ಮಲಗಿಸಿ, ನಡುವೆ ಮಡಚಿದ ಜೀನ್ಸ್ ಇಡಿ. ಗಾಜಿಗೆ ದೊಡ್ಡ ಶತ್ರು ಪಕ್ಕದ ಗಾಜೇ. ಪಾದರಕ್ಷೆ, ಚಾರ್ಜರ್, ಇಸ್ತ್ರಿ ಪೆಟ್ಟಿಗೆ ಹತ್ತಿರ ಸುಳಿಯಬಾರದು.

ಕೊನೆಗೆ ಸೂಟ್‌ಕೇಸ್ ಮುಚ್ಚಿ, ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದು ಕುಲುಕಿ. ಒಳಗೆ ಏನಾದರೂ ಸರಿದಾಡಿದ ಹಾಗೆ ಆದರೆ ಮತ್ತೆ ಬಿಚ್ಚಿ ಬಿಗಿ ಮಾಡಿ. ಉಡುಪಿಯಿಂದ ಬಜಪೆ ವಿಮಾನ ನಿಲ್ದಾಣಕ್ಕೆ ಕಾರಿನಲ್ಲಿ ಹೋಗುವಾಗ ರಸ್ತೆಯ ಹೊಂಡಗಳೇ ಇನ್ನೊಂದು ಪರೀಕ್ಷೆ ಮಾಡಿಕೊಡುತ್ತವೆ, ಅದು ಬೇರೆ ಮಾತು.

ಬಾಟಲಿಗೆಂದೇ ಸಿಗುವ ಗಾಳಿ ತುಂಬಿದ ಚೀಲ ತೆಗೆದುಕೊಳ್ಳಬಹುದಾ? ಥರ್ಮೋಕೋಲ್? ಬೈಹುಲ್ಲು?

ಆನ್‌ಲೈನಿನಲ್ಲಿ ಸಿಗುವ, ಒಳಗೆ ಬಬಲ್ ಇದ್ದು ಬಾಯಿಗೆ ಅಂಟು ಇರುವ ಚೀಲ ಒಳ್ಳೆಯದು, ವಾಪಸ್ ಬರುವಾಗಲೂ ಆಗುತ್ತದೆ. ಅದನ್ನು ಹಾಕಿದರೂ ಮೇಲೆ ಬಟ್ಟೆ ಸುತ್ತಿ. ಥರ್ಮೋಕೋಲ್ ಪೆಟ್ಟಿಗೆ ಆರೆಂಟು ಬಾಟಲಿ ಒಯ್ಯುವವರಿಗೆ, ಒಂದು ಬಾಟಲಿಗೆ ಅದು ಬರೀ ಜಾಗ ನುಂಗುತ್ತದೆ. ಬೈಹುಲ್ಲು ಮಾತ್ರ ಬೇಡ. ಮುಡಿಯ ಕಥೆ ನಾನೇ ಹೇಳಿದರೂ ಬೇಡ ಎನ್ನುತ್ತೇನೆ. ಆಸ್ಟ್ರೇಲಿಯಾದಂಥ ದೇಶಗಳಲ್ಲಿ ಹುಲ್ಲು ಸುತ್ತಿದ ಸಾಮಾನನ್ನು ಗಡಿಯಲ್ಲೇ ಹಿಡಿಯುತ್ತಾರೆ, ಕೀಟ ಬರುತ್ತದೆಂದು.

ವಿಮಾನ ಮೇಲೆ ಹೋದಾಗ ಒತ್ತಡಕ್ಕೆ ಬಾಟಲಿ ಸಿಡಿಯುವುದಿಲ್ಲವಾ?

ಇಲ್ಲ. ಪ್ರಯಾಣಿಕರ ವಿಮಾನದಲ್ಲಿ ಸಾಮಾನು ಇಡುವ ಜಾಗಕ್ಕೂ ನೀವು ಕೂತ ಜಾಗದಷ್ಟೇ ಗಾಳಿಯ ಒತ್ತಡ ಇರುತ್ತದೆ. ಬಾಟಲಿ ಒಡೆಯುವುದು ಆಕಾಶದಲ್ಲಿ ಅಲ್ಲ, ನೆಲದ ಮೇಲೆ, ಎತ್ತಿ ಹಾಕುವಾಗ.

ಎಷ್ಟು ಬಾಟಲಿ ವಿಮಾನದಲ್ಲಿ ಬಿಡುತ್ತಾರೆ?

ಶೇ. 24ಕ್ಕಿಂತ ಕಡಿಮೆ ಆಲ್ಕೋಹಾಲ್ ಇರುವುದಕ್ಕೆ ಅಪಾಯಕಾರಿ ವಸ್ತುಗಳ ನಿಯಮದಲ್ಲಿ ಮಿತಿ ಇಲ್ಲ. ವೈನ್ ಸಾಧಾರಣ ಶೇ. 11ರಿಂದ 14. ಶೇ. 24ರಿಂದ 70ರವರೆಗಿನದ್ದು ಒಬ್ಬರಿಗೆ 5 ಲೀಟರ್, ಅಂಗಡಿಯ ಮೂಲ ಪ್ಯಾಕಿನಲ್ಲೇ. 70 ದಾಟಿದರೆ ಇಲ್ಲವೇ ಇಲ್ಲ. ಆದರೆ ಬಾಟಲಿಯ ತೂಕ ನೋಡಿ: 750 ಮಿ.ಲೀ.ನ ಒಂದು ತುಂಬಿದ ಬಾಟಲಿ ಸುಮಾರು ಒಂದೂಕಾಲು ಕಿಲೋ, ದಪ್ಪ ಗಾಜಿನದಾದರೆ ಒಂದೂವರೆ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ 15 ಕಿಲೋ ಚೆಕ್-ಇನ್. ಮೂರು ಬಾಟಲಿ ಇಟ್ಟರೆ ನಾಲ್ಕು ಕಿಲೋ ಅಲ್ಲೇ ಹೋಯಿತು, ಕುಚ್ಚಲಕ್ಕಿ, ಮಿಡಿ ಉಪ್ಪಿನಕಾಯಿ, ಹಪ್ಪಳಕ್ಕೆ ಎಲ್ಲಿ ಜಾಗ?

ಕಾರ್ಕ್ ತೆಗೆಯುವ ತಿರುಪನ್ನು ಕೂಡ ಚೆಕ್-ಇನ್ನಿಗೇ ಹಾಕಿ. ಅಥವಾ ಮನೆಯಲ್ಲೇ ಬಿಡಿ, ಹಡಗಿನ ಬಾರಿನವ ತೆಗೆದುಕೊಡುತ್ತಾನೆ.

ಶಾಂಪೇನ್, ಸ್ಪಾರ್ಕ್ಲಿಂಗ್ ವೈನ್?

ಅದರೊಳಗೆ ಐದಾರು ಪಟ್ಟು ವಾಯುಮಂಡಲದ ಒತ್ತಡ ಇರುತ್ತದೆ, ಕಾರಿನ ಟೈರಿನಲ್ಲಿ ಇರುವುದರ ಎರಡು ಪಟ್ಟಿಗೂ ಹೆಚ್ಚು. ಅದಕ್ಕೇ ಅದರ ಗಾಜು ದಪ್ಪ, ಬುಡ ಒಳಗೆ ಚಾಚಿರುತ್ತದೆ. ತಂತಿಯ ಬುಟ್ಟಿ ಮುಟ್ಟಬೇಡಿ. ಬಿಸಿಲಲ್ಲಿ ಇಡಬೇಡಿ. ಹಡಗಿಗೆ ತಲುಪಿದ ಕೂಡಲೇ ತೆರೆಯಬೇಡಿ, ಅಲ್ಲಾಡಿದ್ದು ಇಳಿಯಲಿಕ್ಕೆ ಒಂದು ದಿನ ಕೊಡಿ, ಚೆನ್ನಾಗಿ ತಣ್ಣಗೆ ಮಾಡಿ. ಇಲ್ಲದಿದ್ದರೆ ಕಾರ್ಕ್ ಕ್ಯಾಬಿನ್ನಿನ ಸೂರಿಗೆ, ಅರ್ಧ ಬಾಟಲಿ ಹಾಸಿಗೆಗೆ.

ಮನೆಯಲ್ಲಿ ಮಾಡಿದ ಕ್ರಿಸ್ಮಸ್ ವೈನ್ ಒಯ್ಯಬಹುದಾ?

ಈ ಪ್ರಶ್ನೆಗೆ ಇಲ್ಲ ಎನ್ನುವಾಗ ನನಗೇ ಹೊಟ್ಟೆ ಚುರ್ ಎನ್ನುತ್ತದೆ. ಕಪ್ಪು ದ್ರಾಕ್ಷಿಯದ್ದೋ ನೇರಳೆಯದ್ದೋ ಬೀಟ್‌ರೂಟಿನದ್ದೋ ವೈನು, ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ತಟ್ಟೆ, ಅದರಲ್ಲಿ ಕಿಡಿಯೊ, ನೆವ್ರಿ, ಅದರ ಮುಂದೆ ಹಡಗಿನ ಬಫೆ ಯಾವ ಲೆಕ್ಕ? ಆದರೆ ಹಡಗಿನವರಿಗೆ ಬೇಕಾದದ್ದು ಕಾರ್ಖಾನೆಯ ಸೀಲ್ ಮತ್ತು ಲೇಬಲ್. ಹಳೆ ಬಾಟಲಿಗೆ ತುಂಬಿ ಹೊಸ ಕಾರ್ಕ್ ಹಾಕಿದ್ದನ್ನು ಗೇಟಿನಲ್ಲೇ ತೆಗೆದಿಡುತ್ತಾರೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು ಉಂಟು. ಮನೆ ವೈನಿನಲ್ಲಿ ಯೀಸ್ಟ್ ಪೂರ್ತಿ ಸತ್ತಿರುವುದಿಲ್ಲ, ಸಕ್ಕರೆಯೂ ಉಳಿದಿರುತ್ತದೆ. ಬಿಸಿಯಾದ ಕೂಡಲೇ ಹುದುಗು ಮತ್ತೆ ಸುರುವಾಗುತ್ತದೆ, ಗಾಳಿ ತುಂಬುತ್ತದೆ, ಸಾದಾ ಬಾಟಲಿಯ ತೆಳು ಗಾಜು ತಡೆಯುವುದಿಲ್ಲ. ಅದು ಸೂಟ್‌ಕೇಸಿನೊಳಗೆ ಸಿಡಿದರೆ ಗಾಜಿನ ಚೂರು ಬಟ್ಟೆಯ ನೂಲು ನೂಲಿಗೂ ಹೊಕ್ಕಿರುತ್ತದೆ. ಶೇಂದಿ ಕೇಳಿದವರೂ ಒಬ್ಬರು ಇದ್ದರು ಮಾರಾಯ್ರೆ, ಅದರ ಬಗ್ಗೆ ಬೇರೆ ಬರೆಯಬೇಕಾ?

ಕುಸ್ವಾರ್ ಒಯ್ಯಿರಿ, ಒಣ ತಿಂಡಿ ತಾನೆ? ಆದರೆ ಹೊರಗಿನ ತಿಂಡಿಗೂ ಕೆಲವು ಕಂಪೆನಿಗಳಲ್ಲಿ ನಿಯಮ ಉಂಟು, ಮನೆಯಲ್ಲಿ ಮಾಡಿದ್ದಕ್ಕಂತೂ ಹೆಚ್ಚು. ಅದನ್ನೂ ಆ ಷರತ್ತಿನಲ್ಲೇ ನೋಡಿಕೊಳ್ಳಿ. ಊರಿನ ರುಚಿ ಬಾಟಲಿಯಲ್ಲೇ ಬೇಕೆಂದಾದರೆ ನಮ್ಮ ರಾಜ್ಯದ ವೈನುಗಳು ಈಗ ಚೆನ್ನಾಗಿವೆ: ನಂದಿ ಬೆಟ್ಟದ ಕಡೆಯವು, ಹಂಪಿ ಸುತ್ತಿನವು. 2007ರಲ್ಲಿ ಸರ್ಕಾರ ದ್ರಾಕ್ಷಿ ಮತ್ತು ವೈನ್ ನೀತಿ ತಂದ ಮೇಲೆ ಇವು ಬೆಳೆದವು.

ಫೆನ್ನಿಯನ್ನು ನೀರಿನ ಬಾಟಲಿಗೆ ಹಾಕಿ ಒಯ್ದರೆ?

ಫೆನ್ನಿ ವೈನ್ ಅಲ್ಲ, ಬಟ್ಟಿ ಇಳಿಸಿದ್ದು, ಶೇ. 40ರ ಆಚೆ. ಹಡಗಿಗೆ ಹತ್ತುವಾಗ ಗಟ್ಟಿ ಮದ್ಯ ಒಯ್ಯಲಿಕ್ಕೆ ಒಂದು ಬಾಟಲಿಯ ರಿಯಾಯಿತಿ ಅನ್ವಯ ಆಗುವುದಿಲ್ಲ. ನೀರಿನ ಬಾಟಲಿ, ಶಾಂಪೂ ಡಬ್ಬಿ, ಮೌತ್‌ವಾಶ್, ಇವೆಲ್ಲ ನಾವು ನೂರು ಸಲ ನೋಡಿದ ಆಟ. ಮುಚ್ಚಳ ತೆಗೆದು ಮೂಸಿದರೆ ಮುಗಿಯಿತು. ಗೇರುಹಣ್ಣಿನ ಫೆನ್ನಿಯ ವಾಸನೆ ಅಡಗಿಸುವ ಮುಚ್ಚಳ ಇನ್ನೂ ಹುಟ್ಟಿಲ್ಲ.

ರೈಲಿನಲ್ಲಿ ಮುಂಬೈಗೆ, ಕಾರಿನಲ್ಲಿ ಕೊಚ್ಚಿಗೆ ಹೋಗುವವರು?

ಇಲ್ಲಿ ಗಾಜಿಗಿಂತ ಅಬಕಾರಿ ದೊಡ್ಡ ಚಿಂತೆ. ಮತ್ಸ್ಯಗಂಧದಲ್ಲಿ ಹೋದರೆ ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರು ರಾಜ್ಯ ದಾಟುತ್ತೀರಿ, ತಲಪಾಡಿ ದಾಟಿದರೆ ಕೇರಳ. ಮದ್ಯ ರಾಜ್ಯಗಳ ಕೈಯಲ್ಲಿರುವ ವಿಷಯ, ಒಂದು ರಾಜ್ಯದ ತೆರಿಗೆ ಚೀಟಿ ಅಂಟಿಸಿದ ಬಾಟಲಿಗೆ ಇನ್ನೊಂದು ರಾಜ್ಯದಲ್ಲಿ ಬೆಲೆ ಇಲ್ಲ. ಮಹಾರಾಷ್ಟ್ರದಲ್ಲಿ 1949ರ ಪಾನನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದ್ದು ಕುಡಿಯಲಿಕ್ಕೆ, ಇಟ್ಟುಕೊಳ್ಳಲಿಕ್ಕೆ ಪರವಾನಗಿ ಬೇಕು. ಕೇರಳದಲ್ಲಿ ವಯಸ್ಸೇ 23 ಆಗಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ ರೈಲಿನವರು, ಕಾರಿನವರು ಊರಿನಿಂದ ಬಾಟಲಿ ಹೊರುವುದೇ ಬೇಡ. ಹಡಗು ಹತ್ತುವ ಊರಿನಲ್ಲೇ, ಹತ್ತುವ ಹಿಂದಿನ ದಿನ, ಬಿಲ್ ಸಮೇತ ತೆಗೆದುಕೊಳ್ಳಿ. ಪ್ಯಾಕಿಂಗ್ ಚಿಂತೆಯೂ ಮುಗಿಯಿತು.

ಕಾರಿನ ಡಿಕ್ಕಿಯಲ್ಲಿ ಇಟ್ಟರೆ ಹಾಳಾಗುತ್ತದಾ?

ಮಾರ್ಚ್ ಏಪ್ರಿಲಿನಲ್ಲಿ ಹಾಳಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಐವತ್ತು ಡಿಗ್ರಿ ದಾಟುವುದು ನಮ್ಮ ಕರಾವಳಿಯಲ್ಲಿ ಏನೂ ದೊಡ್ಡದಲ್ಲ. ವೈನ್ ಹಿಗ್ಗಿ ಕಾರ್ಕನ್ನು ಮೇಲೆ ದೂಡುತ್ತದೆ, ಬದಿಯಿಂದ ಸೋರುತ್ತದೆ, ರುಚಿ ಬೇಯಿಸಿದ ಹಾಗೆ ಆಗುತ್ತದೆ. ಎ.ಸಿ. ಇರುವ ಕಡೆ, ಕಾಲಬುಡದಲ್ಲಿ ಮಲಗಿಸಿ.

ಒಡೆದೇ ಹೋಯಿತು. ಈಗ ಎಂತ ಮಾಡುವುದು?

ನನಗೇ ಆಗಿದೆ. ಮೊದಲ ರಜೆಗೆ ಊರಿಗೆ ಬರುವಾಗ ಎರಡು ಕೆಂಪು ವೈನ್ ಬಾಟಲಿ ಒಟ್ಟೊಟ್ಟಿಗೆ ಇಟ್ಟಿದ್ದೆ, ನಡುವೆ ಒಂದು ಬನಿಯನ್ ಮಾತ್ರ. ನಾನು ಬಾರ್ ಸ್ಟೋರಿನವ ಎಂಬ ಅಹಂಕಾರ ಬೇರೆ. ಬೆಲ್ಟಿನ ಮೇಲೆ ಸೂಟ್‌ಕೇಸ್ ಬರುವ ಮೊದಲೇ ವಾಸನೆ ಬಂತು. ಅಕ್ಕನ ಉಡುಪಿ ಸೀರೆ ಒಂದನ್ನು ಹಡಗಿನ ಗೆಳತಿಯರಿಗೆ ತೋರಿಸಲಿಕ್ಕೆಂದು ಒಯ್ದಿದ್ದೆ, ಅದು ಮರಳಿ ಬಂದದ್ದು ನೇರಳೆ ಬಣ್ಣದಲ್ಲಿ. ಇವತ್ತಿಗೂ ಮದುವೆ ಮುಂಜಿಗಳಲ್ಲಿ ಆ ಸೀರೆಯ ಸುದ್ದಿ ಬಾರದೆ ಇಲ್ಲ.

ಹಾಗಾಗಿ ಕೇಳಿ. ಮೊದಲು ಗಾಜು: ಬರಿಗೈ ಹಾಕಬೇಡಿ, ಬಟ್ಟೆಗಳನ್ನು ಒಂದೊಂದಾಗಿ ಕಾಗದದ ಮೇಲೆ ಕೊಡವಿ, ಜೇಬುಗಳನ್ನು ತಿರುಗಿಸಿ ನೋಡಿ. ಆಮೇಲೆ ಕಲೆ: ಉಜ್ಜಬೇಡಿ, ಒತ್ತಿ ಹೀರಿಸಿ, ಮೇಲೆ ಉಪ್ಪು ಹರಡಿ, ತಣ್ಣೀರಿನಲ್ಲಿ ನೆನೆಹಾಕಿ. ಬಿಸಿನೀರು ತಾಗಿಸಿದರೆ, ಇಸ್ತ್ರಿ ಹಾಕಿದರೆ ಕಲೆ ಅಲ್ಲೇ ಕೂತುಬಿಡುತ್ತದೆ. ನಾನು ಮಾಡಿದ್ದು ಅದನ್ನೇ. ಸೂಟ್‌ಕೇಸ್ ಬಿರಿದಿದ್ದರೆ ನಿಲ್ದಾಣ ಬಿಡುವ ಮೊದಲೇ ವಿಮಾನದವರ ಕೌಂಟರಿನಲ್ಲಿ ಬರೆಸಿ. ಒಳಗಿನ ಗಾಜಿನ ಸಾಮಾನಿಗೆ ಸಾಮಾನ್ಯವಾಗಿ ಅವರು ಹೊಣೆ ಆಗುವುದಿಲ್ಲ.

ಕ್ಯಾಬಿನ್‌ನಲ್ಲಿ ಎಲ್ಲಿ ಇಡುವುದು?

ಬೀರುವಿನ ತಳದಲ್ಲಿ, ಬೂಟುಗಳ ನಡುವೆ, ಮಲಗಿಸಿ. ಮೇಜಿನ ಮೇಲೆ ನಿಲ್ಲಿಸಿ ಚಂದ ನೋಡಬೇಡಿ, ಅಲೆ ಎದ್ದ ರಾತ್ರಿ ಮೊದಲು ಬೀಳುವುದು ಅದೇ.

ದಾರಿಯಲ್ಲಿ ಇಳಿಯುವಾಗ ಬಾಟಲಿ ಜೊತೆಗೆ ಒಯ್ಯಬಹುದಾ?

ಬೇಡ. ಲಕ್ಷದ್ವೀಪದಲ್ಲಿ ಬಂಗಾರಂ ಬಿಟ್ಟರೆ ಉಳಿದ ದ್ವೀಪಗಳಲ್ಲಿ ಪಾನನಿಷೇಧ. ಮಾಲ್ಡೀವ್ಸ್‌ಗೆ ಪ್ರವಾಸಿಗರು ಮದ್ಯ ತರುವ ಹಾಗಿಲ್ಲ. ಕೊಲ್ಲಿಯ ಕಡೆ ಹೋಗುವವರು ಇನ್ನೂ ಜಾಗ್ರತೆ: ದುಬೈಗೆ ಮುಸ್ಲಿಮೇತರರು ನಾಲ್ಕು ಲೀಟರಿನವರೆಗೆ ತರಬಹುದು, ಪಕ್ಕದ ಶಾರ್ಜಾದಲ್ಲಿ ನಿಷೇಧ. ಅಗ್ಗವೆಂದು ಶಾರ್ಜಾ ಟಿಕೆಟ್ ತೆಗೆದು ಅಲ್ಲಿಂದ ದುಬೈಯ ಬಂದರಿಗೆ ಹೋಗುವವರು ಬಾಟಲಿಯ ಯೋಚನೆಯನ್ನೇ ಬಿಡಿ. ಕತಾರಿನಲ್ಲೂ ತರುವ ಹಾಗಿಲ್ಲ, ದೋಹಾದಿಂದ ಹಡಗು ಹತ್ತುವವರು ನೆನಪಿಡಿ.

ದಾರಿಯ ಬಂದರಿನಲ್ಲಿ ಕೊಂಡ ಬಾಟಲಿಯನ್ನು ಹತ್ತುವಾಗ ಹಡಗಿನವರು ತೆಗೆದಿಟ್ಟು ಚೀಟಿ ಕೊಡುತ್ತಾರೆ, ಪ್ರಯಾಣದ ಕೊನೆಗೆ ಹಿಂದಿರುಗಿಸುತ್ತಾರೆ. ಚೀಟಿ ಕಳೆದುಕೊಳ್ಳಬೇಡಿ. ಆ ಕೊನೆ ರಾತ್ರಿ ಸೂಟ್‌ಕೇಸುಗಳನ್ನು ಬಾಗಿಲ ಹೊರಗೆ ಇಡಲಿಕ್ಕೆ ಹೇಳುತ್ತಾರೆ, ಬಾಟಲಿ ಬರುವುದು ಅದಾದ ಮೇಲೆಯೇ ಆಗಬಹುದು. ಒಂದು ಬೈರಾಸು, ಎರಡು ಕವರ್ ಹೊರಗೇ ಇಟ್ಟುಕೊಂಡಿರಿ.

ವಾಪಸ್ ಬರುವಾಗ ಎಷ್ಟು ತರಬಹುದು?

ವಿದೇಶದಿಂದ ಬರುವವರಿಗೆ ಸುಂಕ ಇಲ್ಲದೆ ಒಬ್ಬರಿಗೆ 2 ಲೀಟರ್, ವೈನೂ ಮದ್ಯವೂ ಸೇರಿ. 750ರ ಎರಡು ಬಾಟಲಿ ನಿರಾಳ, ಮೂರನೆಯದು ದಾಟುತ್ತದೆ. ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇಳಿದು ಮಂಗಳೂರಿಗೆ ಇನ್ನೊಂದು ವಿಮಾನ ಹಿಡಿಯುವವರು ಡ್ಯೂಟಿ ಫ್ರೀ ಕವರನ್ನು ಕೈಯಲ್ಲೇ ತೂಗಿಸಿಕೊಂಡು ಬರಬೇಡಿ. ಕಸ್ಟಮ್ಸ್ ದಾಟಿದ ಮೇಲೆ, ಮುಂದಿನ ವಿಮಾನಕ್ಕೆ ಸಾಮಾನು ಕೊಡುವ ಮೊದಲು, ಸೂಟ್‌ಕೇಸ್ ಬಿಚ್ಚಿ ನಡುವಿಗೆ ಸೇರಿಸಿ. ಅಲ್ಲಿ ನೆಲದ ಮೇಲೆ ಕೂತು ಎಲ್ಲರೆದುರು ಲುಂಗಿ ಸುತ್ತಲಿಕ್ಕೆ ಸ್ವಲ್ಪ ಸಂಕೋಚ ಆಗುತ್ತದೆ. ಪಕ್ಕದಲ್ಲಿ ಇನ್ನೊಬ್ಬರು ಊರಿನವರು ಅದನ್ನೇ ಮಾಡುತ್ತಿರುತ್ತಾರೆ, ಅವರ ಹತ್ತಿರ ಟೇಪ್ ಕೇಳಿ ತೆಗೆದುಕೊಳ್ಳಿ.